ಹೊಗೆಗಾಲದ ಚಿನ್ನದ ರೇಕು

ಕಳೆದ ವಾರ ರಾಫೆಲ್ಸ್ ಪ್ಲೇಸಿನಲ್ಲಿ ಎಮ್‌ಆರ್‌ಟಿ ರೈಲು ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಗಾಳಿಯಲ್ಲಿ ಹಸಿ ಕಟ್ಟಿಗೆ ಸುಟ್ಟ ವಾಸನೆಯಿತ್ತು. ಸುತ್ತಲಿನ ನೂರಾರು ಜನ ಯಾರೋ ಹೇಳಿಕೊಟ್ಟಂತೆ ಒಟ್ಟಿಗೆ ಫೋನು ತೆಗೆದು ಗಾಳಿಯ ಮಾಲಿನ್ಯದ ಅಂಕಿ ನೋಡಿಕೊಂಡರು. ಸಿಂಗಪುರದಲ್ಲಿ ಮೂಗು ಹೇಳಿದ್ದನ್ನು ಸರ್ಕಾರದ ಆ್ಯಪ್ ದೃಢೀಕರಿಸುವ ತನಕ ಯಾರೂ ನಂಬುವುದಿಲ್ಲ. ಅಂಕಿ ಇನ್ನೂ ಚಿಕ್ಕದಿತ್ತು. ಜನ ಸಮಾಧಾನದಿಂದ ಒಮ್ಮೆ ಕೆಮ್ಮಿ ತಂತಮ್ಮ ಆಫೀಸುಗಳತ್ತ ನಡೆದರು. ನಾನು ಮಾತ್ರ ಕಂಬಕ್ಕೊರಗಿ ನಿಂತುಬಿಟ್ಟೆ. ಆ ವಾಸನೆ ಬಂದರೆ ನನ್ನ ಕಣ್ಣ ಮುಂದೆ ಬರುವುದು ಸಮುದ್ರದಾಚೆ ಉರಿಯುತ್ತಿರುವ ಕಾಡಲ್ಲ, ಬೆಡೋಕ್‌ನ ನಾಲ್ಕನೆಯ ಮಹಡಿಯ ಒಂದು ಮನೆ. ಅಲ್ಲೀಗ ಬೇರೆಯವರಿದ್ದಾರೆ. ಕಾರಿಡಾರಿನಲ್ಲಿ ಮಕ್ಕಳ ಸೈಕಲ್ ನಿಂತಿರುವುದನ್ನು ಒಮ್ಮೆ ಕೆಳಗಿನಿಂದಲೇ ನೋಡಿ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹೆಂಡತಿ ಶಾರದೆ ಬೆಡೋಕ್‌ನ ಸಮುದಾಯ ಕೇಂದ್ರದಲ್ಲಿ ಹನ್ನೆರಡು ಶನಿವಾರಗಳ ಒಂದು ಕ್ಲಾಸಿಗೆ ಹೆಸರು ಕೊಟ್ಟಿದ್ದಳು. ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಕೈಯಲ್ಲಿ ಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ ಪುಟದ ಮೊದಲ ಅಕ್ಷರವನ್ನು ಅಂಗೈಯಷ್ಟು ಹಿಗ್ಗಿಸಿ, ಅದಕ್ಕೆ ಬಳ್ಳಿ ಹಬ್ಬಿಸಿ, ಮೈತುಂಬ ಚಿನ್ನ ಹೊದಿಸುತ್ತಿದ್ದರಲ್ಲ, ಆ ವಿದ್ಯೆಯ ಕ್ಲಾಸು. ಅಷ್ಟರಲ್ಲಿ ಮೈಸೂರಿನಲ್ಲಿದ್ದ ಮಗಳಿಗೆ ಡಾಕ್ಟರು ಹೇಳಿದ್ದಕ್ಕಿಂತ ಮೂರು ವಾರ ಮೊದಲೇ ಹೆರಿಗೆಯಾಯಿತು. ಶಾರದೆ ಬಾಣಂತನಕ್ಕೆ ಹೊರಟಳು. ಏರ್‌ಪೋರ್ಟಿನಲ್ಲಿ ಚೆಕ್-ಇನ್ ಸಾಲಿನಲ್ಲಿ ನಿಂತು ನನಗೆ ಆಜ್ಞೆಯಾಯಿತು.

"ನನ್ನ ಬದಲು ನೀವ್ ಹೋಗ್ರೀ ಆ ಕ್ಲಾಸ್‌ಗೆ. ಕ್ಯಾನ್ಸಲ್ ಆಗಲ್ಲ ಅದು."

"ನಂಗೆ ಅದರ ಗಂಧಗಾಳಿ ಇಲ್ವಲ್ಲೇ."

"ಗೊತ್ತಿಲ್ದೇ ಇರೋದನ್ನ ಕಲಿಯಕ್ಕೇ ಕ್ಲಾಸ್ ಇಡೋದು. ಶನಿವಾರ ಒಬ್ರೇ ಕೂತ್ಕೊಂಡು ಟಿವಿ ಜೊತೆ ಜಗಳ ಆಡ್ಬೇಡಿ."

ನನ್ನ ವೃತ್ತಿಯನ್ನೂ ಇಲ್ಲಿ ನಿವೇದಿಸಿಕೊಳ್ಳಬೇಕು. ಒಂದು ಬ್ಯಾಂಕಿನಲ್ಲಿ ನಾನು ನಿಯಮಾವಳಿಗಳನ್ನು ಬರೆಯುವವನು. ನೌಕರರು ಏನು ಮಾಡಬಾರದು ಎಂಬುದನ್ನು ಎಂಬತ್ತು ಪುಟಗಳಲ್ಲಿ ಬರೆಯುತ್ತೇನೆ. ಯಾರೂ ಓದುವುದಿಲ್ಲ. ಓದಿದ್ದೇವೆ ಎಂದು ಎಲ್ಲರೂ ಕ್ಲಿಕ್ ಮಾಡುತ್ತಾರೆ. ಇಪ್ಪತ್ತು ವರ್ಷ ಇಂಥ ಸಾಹಿತ್ಯಸೇವೆ ಮಾಡಿದವನಿಗೆ ಒಂದೇ ಅಕ್ಷರಕ್ಕೆ ಮೂರು ತಿಂಗಳು ತೆಗೆದುಕೊಳ್ಳುವ ಜನ ಇದ್ದರೆಂಬುದೇ ಹೊಸ ಸುದ್ದಿ. ನಾನು ನಮ್ಮ ಮನೆಯಿದ್ದ ಯಿಶುನ್‌ನಿಂದ ಎರಡು ರೈಲು ಬದಲಿಸಿ, ಸರಿಯಾದ ಸಮಯಕ್ಕೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದೆ.

ಟೀಚರ್ ಮಿಸ್ ಡೊರೀನ್. ಎಪ್ಪತ್ತು ದಾಟಿದ ಸಣಕಲು ಹೆಂಗಸು. ಅವರ ತಾತ ಪೋರ್ಚುಗೀಸರ ವಂಶದವರು, ಅಜ್ಜಿ ಮಲಾಕ್ಕದವರು. ಕನ್ನಡಕಕ್ಕೆ ಸರಪಣಿ, ಕೈಯಲ್ಲಿ ಸದಾ ಒಂದು ಕರ್ಚೀಫು. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ, ಬಸ್ಸಿಗೆ ಕಾದಂತೆ ಉಸಿರಿಗೆ ಕಾಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅವರ ಮಾತಿಗೆ ಕನ್ನಡ ಉಡಿಸಿದ್ದೇನೆ, ಸಿಂಗಪುರದವರು ಮಾತಿನ ಕೊನೆಗೆ ಸೇರಿಸುವ 'ಲಾ' ಮಾತ್ರ ಕಳಚಲು ಮನಸ್ಸಾಗಲಿಲ್ಲ.

ಕ್ಲಾಸಿನಲ್ಲಿ ಹನ್ನೊಂದು ಜನರಿದ್ದೆವು. ಮದುವೆಯ ಕಾರ್ಡಿನ ಮೇಲೆ ಚೆಂದವಾಗಿ ಹೆಸರು ಬರೆಯಲು ಕಲಿಯಬಹುದೆಂದು ಹೆಚ್ಚಿನವರು ಬಂದಿದ್ದರು. ಮಿಸ್ ಡೊರೀನ್ ಎಲ್ಲರ ಮುಂದೆ ಒಂದೊಂದು ಬಕೆಟ್ ನೀರು, ಒಂದೊಂದು ಪೊಟ್ಟಣ ಪ್ಲಾಸ್ಟರ್ ಪುಡಿ ಇಟ್ಟರು. "ಕಲಕಿ," ಎಂದರು. ಚಿನ್ನ ನೇರವಾಗಿ ಆ ಪುಸ್ತಕಗಳ ಚರ್ಮದ ಹಾಳೆಗೆ ಕೂರುವುದಿಲ್ಲ, ಅದರಡಿ ಒಂದು ಉಬ್ಬಿದ ಹಾಸಿಗೆ ಬೇಕು. ನಮ್ಮ ಮೈಸೂರಿನ ಚಿತ್ರಗಳಲ್ಲಿ ದೇವರ ಒಡವೆಗಳನ್ನು ಚಿನ್ನದಡಿಯಲ್ಲಿ ಉಬ್ಬಿಸಿರುತ್ತಾರಲ್ಲ, ಅದರ ದಾಯಾದಿ. ಇವರು ಅದನ್ನು ಜೆಸ್ಸೊ ಎನ್ನುತ್ತಾರೆ. ಅದಕ್ಕೆ ಬೇಕಾದ ಪ್ಲಾಸ್ಟರನ್ನು ಮೊದಲ ದಿನ ಒಂದು ಗಂಟೆ ಎಡೆಬಿಡದೆ, ಆಮೇಲೆ ದಿನಾ ಒಂದಿಷ್ಟು ಹೊತ್ತಿನಂತೆ ಒಂದು ತಿಂಗಳು ನೀರಿನಲ್ಲಿ ಕಲಕಬೇಕು, ಗಟ್ಟಿಯಾಗಬೇಕೆಂಬ ಅದರ ಹಟ ಇಳಿಯುವ ತನಕ. ಎರಡನೆಯ ಶನಿವಾರಕ್ಕೆ ಏಳು ಜನ ಉಳಿದರು, ನಾಲ್ಕನೆಯದಕ್ಕೆ ಇಬ್ಬರು, ಐದನೆಯದಕ್ಕೆ ನಾನೊಬ್ಬ. ಇದು ಶ್ರದ್ಧೆಯೆಂದು ಯಾರೂ ತಪ್ಪು ತಿಳಿಯಬಾರದು. ನಡುವೆ ಎದ್ದುಹೋಗುವುದಕ್ಕೂ ಒಂದು ಧೈರ್ಯ ಬೇಕು. ಅದು ನನ್ನಲ್ಲಿರಲಿಲ್ಲ.

ಒಬ್ಬನಿಗಾಗಿ ಹವಾನಿಯಂತ್ರಿತ ಕೊಠಡಿ ಕೊಡಲಾಗದೆಂದು ಕೇಂದ್ರದವರು ವಿನಯದಿಂದ ಕ್ಲಾಸು ಮುಚ್ಚಿದರು. ಮಿಸ್ ಡೊರೀನ್ ನನ್ನ ಬಕೆಟ್ಟಿನೊಳಗೆ ಬೆರಳಿಟ್ಟು, ತಿಕ್ಕಿ ನೋಡಿ, "ಬೆಣ್ಣೆ ಹಾಗಿದೆ ಲಾ. ಮನೆಗೆ ಬಾ," ಎಂದರು. ನಾನು ಸ್ಕೂಲು ಬಿಟ್ಟ ಮೇಲೆ ಯಾರಿಂದಲೂ ಕೇಳದ ಹೊಗಳಿಕೆ ಅದು. ಮುಂದಿನ ಶನಿವಾರ ಬಕೆಟ್ಟಿನ ಸಮೇತ ಹೋದೆ.

ಅವರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಪಕ್ಕ, ಚೀನೀಯರು ತಮ್ಮ ಪಂಚಾಂಗದ ಏಳನೆಯ ತಿಂಗಳಲ್ಲಿ ಭೂಮಿಗೆ ಬರುವ ಪ್ರೇತಗಳಿಗಾಗಿ ಕಾಗದ ಸುಡುತ್ತಿದ್ದರು. ಗಾಳಿಯಲ್ಲಿದ್ದ ಹೊಗೆ ಅದರದೇ ಎಂದುಕೊಂಡೆ. ಮೇಲಿನ ಮನೆ ಚಿಕ್ಕದು, ಚೊಕ್ಕಟವಾದದ್ದು. ಕಿಟಕಿಯ ಹತ್ತಿರ ಓರೆಯಾದ ಮೇಜು, ಮೂಲೆಯಲ್ಲಿ ಆಮ್ಲಜನಕದ ಯಂತ್ರ. ಮೇಜಿನ ಮೇಲೆ ಕರುವಿನ ಚರ್ಮದ ಒಂದು ಹಾಳೆಯಿತ್ತು. ಅದರಲ್ಲಿ ಕಪ್ಪು ಶಾಯಿಯಲ್ಲಿ ಒಂದು ಹೆಸರು, ಆಗ್ನೆಸ್. ಅದರ ಮೊದಲ ಅಕ್ಷರ, ಇಂಗ್ಲಿಷಿನ ಎ, ಎರಡು ಕಾಲು ಅಗಲಿಸಿ ನಿಂತ ಪೈಲ್ವಾನನಂತೆ ಹಾಳೆಯ ಅರ್ಧ ತುಂಬಿತ್ತು. ಸುತ್ತ ಬಳ್ಳಿ, ಬಳ್ಳಿಯಲ್ಲಿ ನೀಲಿ ಹೂ, ಒಂದು ಹೂವಿನ ಮರೆಯಲ್ಲಿ ಸಿಂಗಪುರದ ಗೊರವಂಕ. ಎ ಮಾತ್ರ ಖಾಲಿ.

ಸಿಸ್ಟರ್ ಆಗ್ನೆಸ್ ಕಾನ್ವೆಂಟಿನಲ್ಲಿ ಮಿಸ್ ಡೊರೀನರಿಗೆ ಈ ವಿದ್ಯೆ ಕಲಿಸಿದವರು. ಅಲ್ಲಿ ಒಂದು ದೊಡ್ಡ ಪುಸ್ತಕವಿತ್ತು. ತೀರಿಹೋದ ಪ್ರತಿ ಸನ್ಯಾಸಿನಿಗೂ ಅದರಲ್ಲೊಂದು ಹಾಳೆ, ಹಾಳೆಗೊಂದು ಚಿನ್ನದಕ್ಷರ. ನವೆಂಬರಿನ ಮೊದಲ ವಾರ ಒಂದು ದಿನ ಅವರಲ್ಲಿ ಸತ್ತವರಿಗಾಗಿ ಪೂಜೆ ನಡೆಯುತ್ತದೆ, ನಮ್ಮ ಪಿತೃಪಕ್ಷವಿದ್ದ ಹಾಗೆ. ಆ ದಿನ ಹೊಸ ಹಾಳೆಯನ್ನು ಎಲ್ಲರೆದುರು ತೆರೆಯುತ್ತಾರೆ. ಸಿಸ್ಟರ್ ಆಗ್ನೆಸ್ ಹೋದದ್ದು ಆ ವರ್ಷದ ಫೆಬ್ರವರಿಯಲ್ಲಿ.

"ನಲವತ್ತು ವರ್ಷ ಅವರು ನನ್ನ ಕೆಲಸದಲ್ಲಿ ತಪ್ಪು ಹುಡುಕಿದರು," ಎಂದರು ಮಿಸ್ ಡೊರೀನ್. "ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಈ ಒಂದಕ್ಷರಕ್ಕೆ ಅವರು ಬಾಯಿ ಮುಚ್ಚಬೇಕು."

"ಮತ್ತೆ ಯಾಕೆ ಖಾಲಿ ಬಿಟ್ಟಿದ್ದೀರಿ?"

ಅವರು ತಮ್ಮ ಎದೆ ತೋರಿಸಿದರು. "ಬರೆಯೋಕೆ ಕೈ ಇದೆ. ಬಣ್ಣಕ್ಕೆ ಕಣ್ಣಿದೆ. ಚಿನ್ನಕ್ಕೆ ಉಸಿರು ಬೇಕು ಲಾ. ನನ್ನ ಹತ್ತಿರ ಅದಿಲ್ಲ."

ಆಗ ತಿಳಿಯಿತು ಕೆಲಸದ ಗುಟ್ಟು. ಜೆಸ್ಸೊವನ್ನು ಅಕ್ಷರದ ಆಕಾರಕ್ಕೆ ತುಂಬಿ ಒಣಗಿಸಿದ ಮೇಲೆ ಗೇಣುದ್ದದ ಬಿದಿರಿನ ಕೊಳವೆಯ ಮೂಲಕ ಅದರ ಮೇಲೆ ಬಾಯಿಯಿಂದ ಬಿಸಿಯುಸಿರು ಬಿಡಬೇಕು. ಜೆಸ್ಸೊದೊಳಗಿನ ಸಕ್ಕರೆ ಮತ್ತು ಅಂಟು ಆ ತೇವಕ್ಕೆ ಎಚ್ಚರಗೊಂಡು, ಒಂದೆರಡು ಗಳಿಗೆ ಹಿಡಿತ ಪಡೆಯುತ್ತವೆ. ಅಷ್ಟರೊಳಗೆ ಚಿನ್ನದ ರೇಕನ್ನು ಇಟ್ಟು ಒತ್ತಬೇಕು. ಉಸಿರಿನ ಹೊರತು ಬೇರೆ ಯಾವ ತೇವವೂ ಆಗದು. ಮಿಸ್ ಡೊರೀನರ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿತ್ತು. ಅಕ್ಷರದ ಒಂದು ಕಾಲಿನ ತುದಿ ತೇವವಾಗುವುದರೊಳಗೆ ಅವರ ಉಸಿರು ಮುಗಿಯುತ್ತಿತ್ತು. ಹನ್ನೊಂದು ಜನರಲ್ಲಿ ಅವರು ಹುಡುಕುತ್ತಿದ್ದದ್ದು ಪ್ರತಿಭೆಯನ್ನಲ್ಲ, ಒಂದು ಜೊತೆ ಶ್ವಾಸಕೋಶವನ್ನು. ಬಂದು ಸಿಕ್ಕಿದ್ದು ನಾನು.

ಮೊದಲು ಚೂರು ಚರ್ಮದ ಮೇಲೆ ಅಭ್ಯಾಸ. ಬಿದಿರಿನ ಕೊಳವೆ ಕೈಗೆ ಬಂದದ್ದೇ ತಡ, ನನ್ನ ಬಾಲ್ಯ ಜಾಗೃತವಾಯಿತು. ಸೌದೆ ಒಲೆಯ ಮುಂದೆ ಅಜ್ಜಿಗೆ ಊದುಗೊಳವೆ ಊದಿಕೊಟ್ಟ ಅನುಭವಸ್ಥ ನಾನು. ಕೆನ್ನೆ ಉಬ್ಬಿಸಿ ಒಂದು ಊದಿದೆ. ಕಾದಿದ್ದ ಚಿನ್ನದ ರೇಕು ಮೇಜಿನಿಂದೆದ್ದು, ಕೋಣೆಯಲ್ಲಿ ಒಂದು ಪ್ರದಕ್ಷಿಣೆ ಹಾಕಿ, ಅಕ್ಕನಂತೆ ಬಂದು ಹೋಗುತ್ತಿದ್ದ ಪಕ್ಕದ ಮನೆಯ ಫಾತಿಮಾ ಆಂಟಿಯ ಮೂಗಿನ ಮೇಲೆ ಕುಳಿತಿತು.

"ಇದೇನು, ನನಗೆ ಮದುವೆಯಾ?" ಎಂದರು ಫಾತಿಮಾ ಆಂಟಿ, ಕದಲದೆ.

"ಊದೋದಲ್ಲ, ಮಿಸ್ಟರ್ ರಾವ್," ಎಂದರು ಮಿಸ್ ಡೊರೀನ್. "ಕನ್ನಡಕ ಒರೆಸೋಕೆ ಮೊದಲು ಏನು ಮಾಡ್ತೀಯ? ಅದು. ಹಾ ಅಂತ. ಹೊಟ್ಟೆಯಿಂದ."

ಮೂರು ಶನಿವಾರ ಹಾ ಎಂದೆ. ಬೆಳಿಗ್ಗೆ ಏಳಕ್ಕೆ ಮೊದಲೇ ಬಾ ಎಂದಿದ್ದರು, ಗಾಳಿಯಲ್ಲಿ ತೇವವಿರುವ ಹೊತ್ತು ಅದೇ ಎಂದು. ಯಿಶುನ್‌ನಿಂದ ಮೊದಲ ರೈಲು ಹಿಡಿದು, ಬೆಡೋಕ್‌ನ ಹಾಕರ್ ಸೆಂಟರಿನ ತಿಂಡಿಯಂಗಡಿಗಳ ಕಾಫಿಯ ಪರಿಮಳಕ್ಕೆ ದೂರದಿಂದಲೇ ವಂದಿಸಿ ಮುಂದೆ ಹೋಗುತ್ತಿದ್ದೆ. ಎಣ್ಣೆ, ಕಾಫಿ, ಹಾಲು ತಾಕಿದ ಬಾಯಿಯ ಉಸಿರು ಕೆಲಸಕ್ಕೆ ಬಾರದಂತೆ. ಬರಿ ಬಾಯಲ್ಲಿ, ಸ್ನಾನ ಮಾಡಿ ಬರಬೇಕು. ಏಕಾದಶಿಯಂದೂ ಇಷ್ಟು ನೇಮದಿಂದಿದ್ದವನಲ್ಲ ನಾನು. ಮಧ್ಯಾಹ್ನ, ಗಾಳಿ ಒಣಗಿದ ಮೇಲೆ, ನಾಯಿಯ ಹಲ್ಲಿನಾಕಾರದ ನುಣುಪು ಕಲ್ಲಿನಿಂದ ಚಿನ್ನವನ್ನು ಉಜ್ಜಿ ಹೊಳಪು ತರುವುದು.

ಶಾರದೆ ದಿನಾ ಫೋನು ಮಾಡುತ್ತಿದ್ದಳು.

"ಏನೇನ್ ಹಾಕ್ತಾರ್ರೀ ಅದಕ್ಕೆ?"

"ಪ್ಲಾಸ್ಟರ್, ಸಕ್ಕರೆ, ಚೂರು ಕೆಮ್ಮಣ್ಣು."

"ಅಂಟು?"

"ಅಂಟೂ ಹಾಕ್ತಾರೆ."

"ಯಾವ್ದು ಅಂಟು?"

"ಮೀನಿಂದು."

"ಬರಿಯೋದು ಪೇಪರ್ ಮೇಲೇ ತಾನೇ?"

"ಹೌದು, ಒಂಥರಾ ಪೇಪರು," ಎಂದೆ. ಕರುವಿನ ಸಂಗತಿಯನ್ನು ಬಾಣಂತಿಯಿರುವ ಮನೆಯಲ್ಲಿ ಎತ್ತುವುದು ವಿಹಿತವಲ್ಲವೆಂದು ತೀರ್ಮಾನಿಸಿದ್ದೆ.

ಸೆಪ್ಟೆಂಬರಿನಲ್ಲಿ ಹೊಗೆ ನಿಜವಾಗಿ ಬಂತು. ಏಳನೆಯ ತಿಂಗಳು ಮುಗಿದು ಪ್ರೇತಗಳೆಲ್ಲ ಸ್ವಸ್ಥಾನಕ್ಕೆ ಮರಳಿದ್ದವು, ಹೊಗೆ ಮಾತ್ರ ಉಳಿಯಿತು. ಸಮುದ್ರದಾಚೆಯ ದ್ವೀಪದಲ್ಲಿ ಯಾರೋ ಕಾಡಿಗೆ ಬೆಂಕಿಯಿಟ್ಟಿದ್ದರು. ಗಾಳಿ ಇತ್ತ ಬೀಸುತ್ತಿತ್ತು. ಎದುರಿನ ಬ್ಲಾಕುಗಳು ಅಳಿಸಿಹೋದ ಚಿತ್ರಗಳಂತಾದವು. ಸೂರ್ಯ ತೊಳೆದ ಟೊಮೆಟೊ ಹಣ್ಣಿನಂತೆ ಆಕಾಶದಲ್ಲಿ ಒಬ್ಬನೇ ಕೂತಿರುತ್ತಿದ್ದ. ಎಲ್ಲವನ್ನೂ ನಿಯಮದಿಂದ ಸರಿಪಡಿಸುವ ಈ ಊರು ಗಾಳಿಯ ದಿಕ್ಕಿನ ಮುಂದೆ ಕೈಕಟ್ಟಿ ನಿಂತು, ಗಂಟೆಗೊಮ್ಮೆ ಅಂಕಿ ಪ್ರಕಟಿಸುತ್ತಿತ್ತು. ಬ್ಯಾಂಕಿನಲ್ಲಿ ನಾನು 'ಹೊಗೆಯ ದಿನಗಳಲ್ಲಿ ನೌಕರರ ನಡವಳಿಕೆ' ಎಂಬ ಹನ್ನೆರಡು ಪುಟಗಳ ಕೃತಿ ರಚಿಸಿದೆ. ಹೊಗೆ ಅದನ್ನೂ ಓದಲಿಲ್ಲ.

ಮಿಸ್ ಡೊರೀನರ ಮನೆಯ ಕಿಟಕಿಗಳು ಮುಚ್ಚಿದವು. ಡಾಕ್ಟರ ಆಜ್ಞೆಯಂತೆ ಏಸಿ, ಗಾಳಿ ಶುದ್ಧಿ ಮಾಡುವ ಯಂತ್ರ, ಆಮ್ಲಜನಕದ ಯಂತ್ರ ಮೂರೂ ಹಗಲಿಡೀ ಗುಂಯ್‌ಗುಡತೊಡಗಿದವು. ಅವರ ಎದೆಗೆ ಒಣಗಾಳಿ ಬೇಕು, ಚಿನ್ನಕ್ಕೆ ತೇವದ ಗಾಳಿ ಬೇಕು. ಕಿಟಕಿ ತೆರೆದರೆ ಅವರು ಉಳಿಯುವುದಿಲ್ಲ, ತೆರೆಯದಿದ್ದರೆ ಅಕ್ಷರ ಉಳಿಯುವುದಿಲ್ಲ. ನಾವಿಬ್ಬರೂ ಆ ಮೇಜಿನ ಎರಡು ಕಡೆ ಕೂತು, ಅವರು ಆಗಲೇ ಎ ಅಕ್ಷರಕ್ಕೆ ತುಂಬಿಟ್ಟಿದ್ದ, ಒಣಗಾಳಿಗೆ ಗಾಜಿನ ತರಹ ಬಿಗಿದುಕೊಂಡ ಜೆಸ್ಸೊವನ್ನು ನೋಡುತ್ತಿದ್ದೆವು.

ಆದರೂ ಒಂದು ಬೆಳಿಗ್ಗೆ ಯಂತ್ರಗಳನ್ನು ಕಾಲು ಗಂಟೆ ನಿಲ್ಲಿಸಿ ನಿಜವಾದ ಹಾಳೆಗೇ ಕೈ ಹಾಕಿದೆವು. ನಾನು ಕೊಳವೆ ಹಿಡಿದು ಬಾಗಿದೆ. ಹಾ ಎಂದೆ. ಮಿಸ್ ಡೊರೀನ್ ರೇಕು ಇಟ್ಟರು, ಒತ್ತಿದರು, ಕುಂಚದಿಂದ ಸವರಿದರು. ಚಿನ್ನವೆಲ್ಲ ಪುಡಿಯಾಗಿ ಎದ್ದು ಬಂತು. ಇನ್ನೊಮ್ಮೆ. ಮತ್ತೆ ಅದೇ. ಚೂರು ಚರ್ಮದ ಮೇಲೆ ಅಷ್ಟು ಚೆನ್ನಾಗಿ ಹಿಡಿದ ಚಿನ್ನ ಇಲ್ಲಿ ನನ್ನನ್ನು ಗುರುತೇ ಹಿಡಿಯಲಿಲ್ಲ.

"ನಿನ್ನ ಉಸಿರಿಗೆ ಏನಾಗಿದೆ ಇವತ್ತು?" ಎಂದರು. "ಬೆಕ್ಕಿನ ಮರಿ ಉಸಿರಾಡಿದ ಹಾಗೆ. ನಿಜ ಹೇಳು."

ಹೇಳಬೇಕಾಯಿತು. ನಾನು ಬೆಳೆದ ಮನೆಯಲ್ಲಿ ದೇವರ ದೀಪವನ್ನು ಬಾಯಿಂದ ಊದಿ ಆರಿಸುವಂತಿರಲಿಲ್ಲ. ಪೂಜೆಯ ಹೂವನ್ನು ಮೂಸುವಂತಿರಲಿಲ್ಲ. ಬಾಯಿಯ ಉಸಿರು ಎಂಜಲು. ಒಲೆಗೆ ಎಷ್ಟು ಬೇಕಾದರೂ ಊದು, ದೇವರ ಹತ್ತಿರ ಬಾಯಿ ಮುಚ್ಚು, ಎಂದು ಅಜ್ಜಿಯ ಶಾಸನ. ಚೂರು ಚರ್ಮದ ಮೇಲೆ ನನಗೇನೂ ಅನ್ನಿಸಿರಲಿಲ್ಲ. ಆದರೆ ಇದು ಸತ್ತ ಸನ್ಯಾಸಿನಿಯ ಹೆಸರು, ದೇವರ ಮುಂದೆ ತೆರೆಯುವ ಹಾಳೆ. ಅದರ ಮೇಲೆ ಬಾಯಿ ತೆರೆದು ಹಾ ಎನ್ನಲು ಹೋದರೆ ಅಜ್ಜಿ ನೋಡುತ್ತ ನಿಂತಂತಾಗುತ್ತಿತ್ತು. ನನಗೇ ತಿಳಿಯದಂತೆ ಅರ್ಧ ಉಸಿರನ್ನು ಒಳಗೇ ಇಟ್ಟುಕೊಳ್ಳುತ್ತಿದ್ದೆ.

ಮಿಸ್ ಡೊರೀನ್ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಿಮ್ಮ ದೇವರು ಬಹಳ ಮಡಿವಂತ ಲಾ," ಎಂದರು. "ನಮ್ಮವನು ಮಣ್ಣಿನ ಗೊಂಬೆ ಮಾಡಿ ಅದರ ಮೂಗಿಗೆ ತಾನೇ ಉಸಿರು ಬಿಟ್ಟ. ಅವನ ಬಾಯಿ ಯಾರೂ..." ಅಷ್ಟರಲ್ಲಿ ನಗೆ ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ನಾನು ಯಂತ್ರದ ಗುಂಡಿ ಯಾವುದೆಂದು ಹುಡುಕುತ್ತ, ಕೈಯಲ್ಲಿದ್ದ ಬಿದಿರಿನ ಕೊಳವೆಯನ್ನು ಎಲ್ಲಿಡಬೇಕೆಂದು ತಿಳಿಯದೆ, ಅಲ್ಲಿಂದಿಲ್ಲಿಗೆ ತಿರುಗಿದೆ. ಫಾತಿಮಾ ಆಂಟಿ ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಗುಂಡಿ ಒತ್ತಿದರು. ಆಂಬುಲೆನ್ಸಿಗೆ ಫೋನು ಮಾಡಿದವರೂ ಅವರೇ. ಎಂಬತ್ತು ಪುಟ ನಿಯಮ ಬರೆದವನು ಬಾಗಿಲು ತೆರೆದು ಹಿಡಿದುಕೊಂಡು ನಿಂತೆ. ನನ್ನಿಂದಾದ ಸೇವೆ ಅಷ್ಟೇ.

ಅವರು ಮೂರು ವಾರ ಆಸ್ಪತ್ರೆಯಲ್ಲಿದ್ದರು. ಹೊಗೆ ದಟ್ಟವಾಗುತ್ತಲೇ ಹೋಯಿತು. ನಾನು ಆಫೀಸು ಮುಗಿಸಿ ಮಾಸ್ಕು ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಮುಖವೆಲ್ಲ ಮುಚ್ಚಿದ ಆಮ್ಲಜನಕದ ಮಾಸ್ಕಿನ ಹಿಂದಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇನ್ನೆಷ್ಟು ದಿನ?"

ನವೆಂಬರಿಗೆ ಎಂಬರ್ಥ. ನಾನು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚುತ್ತಿದ್ದರು.

ಅಕ್ಟೋಬರಿನ ನಡುವೆ ಒಂದು ದಿನ ಅವರೇ ನಿರ್ಧರಿಸಿದರು. ಫಾತಿಮಾ ಆಂಟಿ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟು, ತಾವು ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ, ವಿಡಿಯೊ ಕಾಲ್ ಮಾಡಿ ಫೋನನ್ನು ಹಾಸಿಗೆಯ ಮುಂದೆ ಹಿಡಿದರು. ಇತ್ತ ನಾನು ಬೆಡೋಕ್‌ನ ಆ ಮನೆಯಲ್ಲಿ ಒಬ್ಬನೇ, ನನ್ನ ಫೋನನ್ನು ಬಣ್ಣದ ಡಬ್ಬಿಗೆ ಒರಗಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಕೂತೆ. ಮನೆಯೊಡತಿ ಇಲ್ಲದ ಕಾರಣ ಮೊದಲ ಬಾರಿಗೆ ತೆರೆಯುವ ಸ್ವಾತಂತ್ರ್ಯವಿತ್ತು. ಹೊಗೆಯೂ ತೇವವೂ ಒಟ್ಟಿಗೆ ಒಳಗೆ ಬಂದವು.

"ಅಜ್ಜಿಗೆ ಹೇಳು," ಎಂದರು ಮಿಸ್ ಡೊರೀನ್, ಮಾಸ್ಕನ್ನು ಒಂದು ಕ್ಷಣ ಸರಿಸಿ. "ಸ್ವಲ್ಪ ಹೊತ್ತು ಆ ಕಡೆ ತಿರುಗಿ ಅಂತ."

ನಾನು ಹೇಳಿದೆ. ಅಜ್ಜಿ ಹೋಗಿ ಮೂವತ್ತೈದು ವರ್ಷವಾಗಿತ್ತು. ತಿರುಗಿದರೋ ಇಲ್ಲವೋ, ಬಾಯಿ ತೆರೆಯಿತು. ಕೊಳವೆಯನ್ನು ಎ ಅಕ್ಷರದ ನೆತ್ತಿಗೆ ಹಿಡಿದು, ಹೊಟ್ಟೆಯ ತಳದಿಂದ ಹಾ ಎಂದೆ. ಮತ್ತೊಮ್ಮೆ. ಮತ್ತೊಮ್ಮೆ. ಹೊಗೆಯಿಂದ ಕಣ್ಣು ಉರಿಯುತ್ತಿತ್ತು. ಒಮ್ಮೆ ಫೋನಿನತ್ತ ನೋಡಿದೆ. ಪರದೆಯಲ್ಲಿ ಮಿಸ್ ಡೊರೀನರೂ ನನ್ನ ಜೊತೆಗೇ ಬಾಯಿ ತೆರೆದು ಉಸಿರು ಬಿಡುತ್ತಿದ್ದರು. ನನ್ನ ಪ್ರತಿ ಹಾ ಎಂಬುದಕ್ಕೆ ಅವರ ಮಾಸ್ಕಿನೊಳಗೆ ಒಂದು ಚೂರು ಮಂಜು ಮೂಡಿ ಅಳಿಸುತ್ತಿತ್ತು. ನರ್ಸು ಯಾರೋ ಬಂದು, "ಆಂಟಿ, ಏನಿದು, ಸುಮ್ಮನೆ ಮಲಗಿ ಲಾ," ಎಂದು ಗದರಿದರು. ಅವರು ಲೆಕ್ಕಿಸಲಿಲ್ಲ. "ಈಗ ಇಡು," ಎಂದರು. ಇಟ್ಟೆ. ಒತ್ತಿದೆ. ಚಿನ್ನ ಹಿಡಿಯಿತು.

ನಾನು ಮತ್ತು ಫಾತಿಮಾ ಆಂಟಿ ಊರಿನ ಎರಡು ತುದಿಗಳಲ್ಲಿ ಒಟ್ಟಿಗೆ ಕಣ್ಣೊರೆಸಿಕೊಂಡೆವು. ನನ್ನದು ಹೊಗೆಯಿಂದ ಎಂದು ದಾಖಲಾಗಲಿ.

ಮಧ್ಯಾಹ್ನ ನುಣುಪು ಕಲ್ಲಿನಿಂದ ಉಜ್ಜಿದೆ. ನೆತ್ತಿ ಹೊಳೆಯಿತು, ಬಲಗಾಲು ಹೊಳೆಯಿತು. ಎಡಗಾಲಿನ ಬುಡದಲ್ಲಿ ಕಲ್ಲಿನಡಿ ಏನೋ ಸಣ್ಣಗೆ ಕರಕ್ ಎಂದಿತು. ಎಳ್ಳಿನಷ್ಟು ಜೆಸ್ಸೊ ಚಿನ್ನದ ಸಮೇತ ಮೇಲೆದ್ದಿತು. ಇಷ್ಟು ವಾರಗಳ ಒಣಗಾಳಿ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿತ್ತು. ಅಂದೇ ಹೋಗಿ ತಿಳಿಸಿದೆ. ಅವರು ಆ ಎಳ್ಳಿನ ಗಾತ್ರವನ್ನು ಬೆರಳಿನಲ್ಲಿ ತೋರಿಸಲು ಹೇಳಿದರು. ತೋರಿಸಿದೆ. ಇದ್ದದ್ದಕ್ಕಿಂತ ಚಿಕ್ಕದಾಗಿ ತೋರಿಸಿರಬಹುದು.

ಅಕ್ಟೋಬರ್ ಮುಗಿಯುವುದಕ್ಕೆ ಹತ್ತು ದಿನವಿದ್ದಾಗ ಗಾಳಿ ತಿರುಗಿತು. ಒಂದು ಮಧ್ಯಾಹ್ನ ಗುಡುಗಿ ಮಳೆ ಹೊಯ್ಯಿತು. ಇಡೀ ಆಫೀಸು ಕಿಟಕಿಗೆ ಮುಖ ಹಚ್ಚಿ ನಿಂತಿತ್ತು. ಮಿಸ್ ಡೊರೀನ್ ಮನೆಗೆ ಬಂದರು. ಗಾಲಿಕುರ್ಚಿಯನ್ನು ನೇರವಾಗಿ ಮೇಜಿನ ಹತ್ತಿರ ತಳ್ಳಲು ಹೇಳಿ, ಭೂತಗನ್ನಡಿ ಹಿಡಿದು ಅಕ್ಷರವನ್ನು ನೆತ್ತಿಯಿಂದ ಪಾದದ ತನಕ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಫಲಿತಾಂಶಕ್ಕೆ ನಿಂತ ಹುಡುಗನಂತೆ ಕೈ ಹಿಂದೆ ಕಟ್ಟಿ ನಿಂತಿದ್ದೆ.

"ನೆತ್ತಿ ಚೆನ್ನಾಗಿದೆ," ಎಂದರು. ಆಮೇಲೆ ಸಣ್ಣ ಚಾಕು ಕೇಳಿದರು. ಬಳ್ಳಿಯ ಅಂಚನ್ನು ತಿದ್ದುತ್ತಾರೆಂದುಕೊಂಡು ಕೊಟ್ಟೆ. ಅವರು ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು, ನಾಲ್ಕೇ ಎಳೆತದಲ್ಲಿ ಎಡಗಾಲು, ಬಲಗಾಲು, ನೆತ್ತಿ ಎಲ್ಲವನ್ನೂ ಕೆರೆದು ಹಾಕಿದರು. ಚಿನ್ನ ಬೆರೆತ ಕೆಮ್ಮಣ್ಣಿನ ಪುಡಿ ಅವರ ಮಡಿಲಿನ ಮೇಲೆ ಬಿತ್ತು.

"ಮಿಸ್ ಡೊರೀನ್," ಎಂದೆ.

"ಎಳ್ಳಷ್ಟೇ ಅಲ್ವಾ, ತೇಪೆ ಹಾಕಬಹುದಿತ್ತಲ್ಲ," ಎಂದರು ಫಾತಿಮಾ ಆಂಟಿ, ನನ್ನ ಪರವಾಗಿ.

"ತೇಪೆ ತೇಪೆಯಾಗೇ ಕಾಣುತ್ತೆ. ಆಗ್ನೆಸ್ ಮೊದಲು ನೋಡೋದೇ ಅದನ್ನ." ಉಸಿರಿಗಾಗಿ ಕಾದರು. "ಹನ್ನೆರಡು ದಿನ ಇದೆ. ಹೊಸದು ತುಂಬ್ತೀನಿ. ಒಣಗೋಕೆ ಆರು ದಿನ ಸಾಕು. ನೀನು ಬಂದು ಹಾ ಅನ್ನು."

ಅಂದೇ ಅವರು ಹೊಸ ಜೆಸ್ಸೊ ತುಂಬಿದರು. ಆಸ್ಪತ್ರೆಯಿಂದ ಬಂದ ಕೈಯೆಂಬ ಗುರುತು ಅದರ ಅಂಚಿನಲ್ಲಿ ಎಲ್ಲೂ ಇರಲಿಲ್ಲ. ಆದರೆ ಅವರ ಲೆಕ್ಕದಲ್ಲಿ ಮಳೆ ಇರಲಿಲ್ಲ. ಯಾವ ತೇವಕ್ಕಾಗಿ ಇಷ್ಟು ವಾರ ಕಾದಿದ್ದೆವೋ ಅದು ಈಗ ದಿನಾ ಮಧ್ಯಾಹ್ನ ಮೋಡಗಟ್ಟಿಕೊಂಡು ಬಂದು ಮನೆಯೊಳಗೆಲ್ಲ ಕೂತಿತು. ಗೋಡೆ ಬೆವರಿತು, ಉಪ್ಪು ನೀರಾಯಿತು. ಆರನೆಯ ದಿನ ಜೆಸ್ಸೊ ಮೆತ್ತಗಿತ್ತು. ಹತ್ತನೆಯ ದಿನವೂ ಬೆರಳಿಗೆ ಅಂಟುತ್ತಿತ್ತು. ಏಸಿ ಹಾಕಿದರೆ ಬಿರಿಯುತ್ತದೆ. ಫ್ಯಾನು ಹಾಕಿದರೆ ದೂಳು ಕೂರುತ್ತದೆ. ಹೇರ್ ಡ್ರೈಯರ್ ತಂದಿದ್ದೆ. ಅದನ್ನು ನೋಡಿದ ಅವರ ಮುಖ ನೆನೆದರೆ ಇಂದೂ ನಾಚಿಕೆಯಾಗುತ್ತದೆ. ಹಸಿ ಜೆಸ್ಸೊದ ಮೇಲೆ ಚಿನ್ನವಿಟ್ಟರೆ ಅದರೊಳಗೆ ಮುಳುಗಿಹೋಗುತ್ತದೆಯೇ ಹೊರತು ಹೊಳೆಯುವುದಿಲ್ಲ. ನನ್ನ ಉಸಿರು ಸಿದ್ಧವಿತ್ತು, ಎರಡು ಕಟ್ಟು ಚಿನ್ನದ ರೇಕು ಸಿದ್ಧವಿತ್ತು. ಯಾವುದಕ್ಕೂ ಕೆಲಸವಿರಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕಾನ್ವೆಂಟಿನಿಂದ ಹಾಳೆ ಒಯ್ಯಲು ಜನ ಬಂದರು. ಮಿಸ್ ಡೊರೀನ್ ಅದನ್ನು ಹಾಗೆಯೇ ಕೊಟ್ಟರು. ನೀಲಿ ಹೂಗಳ ನಡುವೆ ಎ ಅಕ್ಷರ ಬಣ್ಣ ಕಾಣದ ಗೋಡೆಯಂತೆ ತಿಳಿಗೆಂಪಾಗಿ ನಿಂತಿತ್ತು. ಜನಸಂದಣಿಗೆ ಹೋಗಕೂಡದೆಂದು ಡಾಕ್ಟರು ಅವರಿಗೆ ಕಟ್ಟಪ್ಪಣೆ ಮಾಡಿದ್ದರಿಂದ ಅವರ ಪರವಾಗಿ ಪೂಜೆಗೆ ನಾನು ಹೋಗಬೇಕೆಂದಾಯಿತು.

ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಕಳಚಿ, ಕಾಲುಚೀಲದಲ್ಲಿ ಒಳಗೆ ಹೋದೆ. ಉಳಿದ ಯಾರೂ ಕಳಚಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತೆ. ಒಬ್ಬ ಯುವ ಸನ್ಯಾಸಿನಿ ಪುಸ್ತಕವನ್ನು ತೆರೆದು ಎದೆಯ ಮಟ್ಟಕ್ಕೆ ಹಿಡಿದಳು. ಜನ ಸಾಲಾಗಿ ಹೋಗಿ, ತಲೆಬಾಗಿ, ಹೂವಿಟ್ಟು ಬಂದರು. ನಾನೂ ಸಾಲಿನಲ್ಲಿ ನಿಂತು ಹೋದೆ. ಭಾರದ ಪುಸ್ತಕ ಜಾರದಿರಲೆಂದು ಆ ಹುಡುಗಿ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ಹೆಬ್ಬೆರಳು ಇದ್ದದ್ದು ಸರಿಯಾಗಿ ಎ ಅಕ್ಷರದ ಮೇಲೆ. ಅರ್ಧ ಗಂಟೆ ಬಾಗಿಲ ಹತ್ತಿರ ನಿಂತು ಎಲ್ಲರ ಮುಖ ನೋಡಿದೆ. ಒಬ್ಬರೂ ಎರಡನೆಯ ಸಲ ಕಣ್ಣು ಹಾಯಿಸಲಿಲ್ಲ. ಚಿನ್ನ ಇದ್ದಿದ್ದರೂ ಬಹುಶಃ ಇಷ್ಟೇ. ಹೊರಗೆ ಅವರಿಗೆಲ್ಲ ಬಿಸ್ಕತ್ತು, ಟೀ ಇತ್ತು.

ಬೆಡೋಕ್‌ಗೆ ಮರಳಿದಾಗ ಮಿಸ್ ಡೊರೀನ್ ಮಂಚದ ಮೇಲೆ ಒರಗಿ ಕೂತಿದ್ದರು. ಮಾಸ್ಕು ಕೊರಳಿಗೆ ಜಾರಿತ್ತು. ಪೂಜೆ ಹೇಗಾಯಿತು, ಯಾರು ಬಂದಿದ್ದರು ಎಂದೇನೂ ಕೇಳಲಿಲ್ಲ.

"ಯಾರಾದರೂ ಕೇಳಿದರಾ?"

ರೈಲಿನಲ್ಲಿ ಬರುವಾಗಲೆಲ್ಲ ನಾನು ಇದ್ದದ್ದನ್ನು ಇದ್ದಂತೆ ಹೇಳುವುದೆಂದು ನಿಶ್ಚಯಿಸಿಕೊಂಡಿದ್ದೆ. ಇಪ್ಪತ್ತು ವರ್ಷದ ಸೇವೆಯಲ್ಲಿ ಒಂದು ತಪ್ಪು ವಾಕ್ಯಕ್ಕೂ ಸಹಿ ಹಾಕಿದವನಲ್ಲ.

"ಕೇಳಿದರು," ಎಂದೆ.

"ಯಾರು?"

"ಒಬ್ಬರು ಮುದುಕಿ. ಬಿಳಿ ಕೂದಲು, ದಪ್ಪ ಕನ್ನಡಕ. ಪುಸ್ತಕದ ಮುಂದೆ ನಿಂತು, ಚಿನ್ನ ಎಲ್ಲಿ ಎಂದರು."

"ಜೋರಾಗಿ?"

"ಪ್ರಾರ್ಥನೆಯ ನಡುವೆಯೇ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು."

ಅವರು ದಿಂಬಿನಿಂದ ಸ್ವಲ್ಪ ಮೇಲೆದ್ದರು. "ಸಿಟ್ಟಿತ್ತಾ?"

"ಬಹಳ. ಇಂಥ ಅರೆಗೆಲಸವನ್ನು ಒಳಗೆ ತರಲು ಬಿಟ್ಟವರು ಯಾರು ಎಂದು ಸಿಸ್ಟರಿಗೇ ದಬಾಯಿಸಿದರು."

ಮಿಸ್ ಡೊರೀನ್ ಮತ್ತೆ ಒರಗಿಕೊಂಡರು. ಮುಖದಲ್ಲಿ ಎಷ್ಟೋ ವಾರಗಳಿಂದ ಕಾಣದ ನೆಮ್ಮದಿಯಿತ್ತು.

"ಆಗ್ನೆಸ್ ಕಲಿಸಿದವಳೇ ಇರಬೇಕು ಲಾ," ಎಂದರು. "ಹೆಸರು ಕೇಳಿಕೊಂಡು ಬರಬೇಕಿತ್ತು ನೀನು."

"ಮುಂದಿನ ವರ್ಷ ಕೇಳುತ್ತೇನೆ," ಎಂದೆ.